ಸ್ಟರ್ಜಿಸ್ ರ್‍ಯಾಲಿಯ ವಾರದಲ್ಲಿ ಬಾಡಿಗೆ ಬೈಕ್: ರಸ್ತೆಗೆ ಪೂರ್ಣ ಅಂಕ, ಬೈಕಿಗೆ ಅರ್ಧ

ಅಮೆರಿಕದ ಸೌತ್ ಡಕೋಟ ರಾಜ್ಯದ ಸ್ಟರ್ಜಿಸ್ ಎಂಬ ಪುಟ್ಟ ಊರಿನಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ನಡೆಯುವ ಬೈಕ್ ರ್‍ಯಾಲಿಗೆ ಸ್ವಂತ ಬೈಕ್ ಇಲ್ಲದೆ ಹೋಗುವವರು ಬಾಡಿಗೆ ಅಂಗಡಿಗಳನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ರ್‍ಯಾಪಿಡ್ ಸಿಟಿಯ ಅಂಥದೊಂದು ಅಂಗಡಿಯಿಂದ ಭಾರಿ ಗಾತ್ರದ ವಿ-ಟ್ವಿನ್ (ಎರಡು ಸಿಲಿಂಡರುಗಳು V ಆಕಾರದಲ್ಲಿರುವ ಎಂಜಿನ್ನಿನ) ಕ್ರೂಸರ್ ಬೈಕೊಂದನ್ನು ಪಡೆದು, ರ್‍ಯಾಲಿಯ ವಾರದಲ್ಲಿಯೇ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಸುತ್ತಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಜ್ಯಾಕ್‌ಪೈನ್ ಜಿಪ್ಸೀಸ್ ಎಂಬ ಬೈಕ್ ಸವಾರರ ಸಂಘವು 1938ರಲ್ಲಿ ಬೆರಳೆಣಿಕೆಯ ಸ್ಪರ್ಧಿಗಳೊಂದಿಗೆ ಆರಂಭಿಸಿದ ಈ ಕೂಟಕ್ಕೆ 2015ರಲ್ಲಿ, ಅಂದರೆ ಅದರ 75ನೆಯ ರ್‍ಯಾಲಿಗೆ, ಏಳು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರೆಂದು ಅಂದಾಜಿಸಲಾಗಿದೆ. ಊರಿನ ಕಾಯಂ ಜನಸಂಖ್ಯೆ ಏಳು ಸಾವಿರದ ಆಸುಪಾಸು. ಹೀಗಿರುವಾಗ ಆ ವಾರ ಬಾಡಿಗೆ ದರ ಏರುವುದನ್ನು ಯಾರೂ ತಪ್ಪೆನ್ನಲಾರರು. ಆದರೆ ಏರಿದ ದರಕ್ಕೆ ತಕ್ಕ ಬೈಕ್ ಸಿಗಬೇಕೆಂಬುದು ಗ್ರಾಹಕನ ನ್ಯಾಯವಾದ ನಿರೀಕ್ಷೆ. ನನಗೆ ಕೊಟ್ಟ ಬೈಕಿನ ಹಿಂದಿನ ಟೈರು ನಡುಭಾಗದಲ್ಲಿ ಸವೆದು ಚಪ್ಪಟೆಯಾಗಿತ್ತು. ನೇರ ಹೆದ್ದಾರಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಬೈಕನ್ನು ವಾಲಿಸಲು ಹೊರಟಾಗ ಮಾತ್ರ ಅದು ಮೊದಲು ಮೊಂಡುಬಿದ್ದು, ಆಮೇಲೆ ಒಮ್ಮೆಲೇ ಪಕ್ಕಕ್ಕೆ ಬೀಳುವಂತೆ ವರ್ತಿಸುತ್ತದೆ. ತೋರಿಸಿದ ಕೂಡಲೇ ಸಿಬ್ಬಂದಿ ವಾದಕ್ಕಿಳಿಯದೆ ಬೇರೆ ಬೈಕ್ ಕೊಟ್ಟರು ಎಂಬುದನ್ನೂ ಹೇಳಬೇಕು. ಹೇಳದೇ ಹೋಗಿದ್ದರೆ ಅದೇ ಬೈಕ್ ಬೆಟ್ಟ ಹತ್ತುತ್ತಿತ್ತು. ವಿಮೆ, ಠೇವಣಿ, ಬೈಕಿನ ಮೇಲಿನ ಹಳೆಯ ಗೀರುಗಳ ದಾಖಲೆ ಇವೆಲ್ಲ ಕ್ರಮವಾಗಿದ್ದವು.

ಇನ್ನು ರಸ್ತೆಗಳ ವಿಷಯ. ರಾಜ್ಯದ ಗವರ್ನರ್ ಆಗಿ, ಮುಂದೆ ಸೆನೆಟರ್ ಆಗಿದ್ದ ಪೀಟರ್ ನಾರ್ಬೆಕ್ ಇಲ್ಲಿನ ಎರಡು ಮುಖ್ಯ ರಸ್ತೆಗಳ ಹಿಂದಿನ ಚೇತನ. ಜನ ನಿಧಾನವಾಗಿ ಸಾಗಲಿ, ಬೆಟ್ಟವನ್ನು ನೋಡಲಿ ಎಂಬ ಉದ್ದೇಶದಿಂದಲೇ ಅವರು ಈ ದಾರಿಗಳನ್ನು ಅಂಕುಡೊಂಕಾಗಿ ಹಾಕಿಸಿದರು. 1922ರಲ್ಲಿ ಪೂರ್ಣಗೊಂಡ ನೀಡಲ್ಸ್ ಹೆದ್ದಾರಿಯು ಸುಮಾರು 22 ಕಿಲೋಮೀಟರ್ ಉದ್ದವಿದ್ದು, ಸೂಜಿಗಳಂತೆ ಮೇಲೆದ್ದ ಗ್ರಾನೈಟ್ ಬಂಡೆಗಳ ನಡುವೆ ನುಸುಳಿ ಸಾಗುತ್ತದೆ. ಅಲ್ಲಿನ ನೀಡಲ್ಸ್ ಐ ಸುರಂಗದ ಅಗಲ ಕೇವಲ 8 ಅಡಿ. ರ್‍ಯಾಲಿಯ ವಾರದಲ್ಲಿ ಅದರ ಎರಡೂ ಬಾಯಿಗಳಲ್ಲಿ ಬೈಕುಗಳು ಸಾಲುಗಟ್ಟಿ ನಿಂತು, ಎದುರಿನವರು ಹೊರಬರುವ ತನಕ ಕಾಯುತ್ತವೆ. ಒಳಗೆ ಹೊಕ್ಕ ಮೇಲೆ ನೂರಾರು ಸೈಲೆನ್ಸರುಗಳ ಸದ್ದು ಕಲ್ಲುಗೋಡೆಗೆ ಬಡಿದು ಎದೆಗೇ ತಾಗುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಲೇಸು.

ಆದರೂ ಆಯ್ಕೆ ಮಾಡಬೇಕಾಗಿ ಬಂದರೆ ನಾನು ಐರನ್ ಮೌಂಟನ್ ರಸ್ತೆಯನ್ನೇ ಆರಿಸುತ್ತೇನೆ. ಸುಮಾರು 27 ಕಿಲೋಮೀಟರ್ ದಾರಿಯಲ್ಲಿ 314 ತಿರುವುಗಳು, 14 ಹೇರ್‌ಪಿನ್‌ಗಳು ಇವೆ. ಆಗುಂಬೆ ಘಾಟಿಯನ್ನು ಬಲ್ಲವರಿಗೂ ಇಲ್ಲಿ ಹೊಸತಾಗಿ ಕಾಣುವುದು, ರಸ್ತೆ ತನ್ನ ಕೆಳಗೆ ತಾನೇ ಸುತ್ತಿ ಬರುವ ಮರದ ಸುರುಳಿ ಸೇತುವೆಗಳು. ದಕ್ಷಿಣದ ಕಸ್ಟರ್ ಸ್ಟೇಟ್ ಪಾರ್ಕಿನ ಕಡೆಯಿಂದ ಉತ್ತರಕ್ಕೆ ಕೀಸ್ಟೋನ್‌ನತ್ತ ಸಾಗಿದರೆ ಮಾತ್ರ ಸುರಂಗಗಳ ಚೌಕಟ್ಟಿನೊಳಗೆ ಮೌಂಟ್ ರಷ್ಮೋರ್‌ನ ಬೆಟ್ಟದಲ್ಲಿ ಕೆತ್ತಿದ ಅಮೆರಿಕದ ನಾಲ್ವರು ಅಧ್ಯಕ್ಷರ ಕಲ್ಲುಮುಖಗಳು ಎದುರಾಗುತ್ತವೆ. ವಿರುದ್ಧ ದಿಕ್ಕಿನಲ್ಲಿ ಹೋದವರು ಅವನ್ನು ಕನ್ನಡಿಯಲ್ಲಿ ನೋಡಬೇಕು. ಅಂಗಡಿಯವರು ಕೊಟ್ಟ ನಕ್ಷೆಯಲ್ಲಿ ಈ ಮಾತಿರಲಿಲ್ಲ, ಇರಬೇಕಿತ್ತು.

ಇಂಥ ರಸ್ತೆಗೆ ಮುನ್ನೂರು ಕಿಲೋಗೂ ಹೆಚ್ಚು ತೂಕದ ಕ್ರೂಸರ್ ಹೊಂದುವ ಬೈಕಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ಹೆದ್ದಾರಿಯಲ್ಲಿ ಅದು ಸುಖಾಸನವೇ ಸರಿ. ಆದರೆ ಮುಂದಿನ ಸಾಲು ನಿಂತು ನಿಂತು ಚಲಿಸುವ ಹೇರ್‌ಪಿನ್‌ನಲ್ಲಿ, ಅರ್ಧ ಕ್ಲಚ್ಚಿನಲ್ಲಿ, ಇಳಿಜಾರಿನ ಕಡೆಗೆ ಕಾಲೂರಿ ನಿಲ್ಲಬೇಕಾದಾಗ ಅದರ ಭಾರವೆಲ್ಲ ಮೊಣಕಾಲಿನ ಮೇಲೆ ಬರುತ್ತದೆ, ಎಂಜಿನ್ನಿನ ಕಾವು ಬಲತೊಡೆಯನ್ನು ಬೇಯಿಸುತ್ತದೆ. ರ್‍ಯಾಲಿಗೆ ಬಂದವರೆಲ್ಲ ದೊಡ್ಡ ಬೈಕನ್ನೇ ಕೇಳುತ್ತಾರೆಂದು ಅಂಗಡಿಗಳು ಅದನ್ನೇ ಮುಂದಿಡುತ್ತವೆ. ಮಧ್ಯಮ ಗಾತ್ರದ ಅಡ್ವೆಂಚರ್ ಬೈಕ್ ಇದೆಯೇ ಎಂದು ಒತ್ತಾಯಿಸಿ ಕೇಳುವುದು ಒಳ್ಳೆಯದು, ಅದರಲ್ಲೂ ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವವರಿಗೆ.

ಕರ್ನಾಟಕದಲ್ಲಿ ಬೈಕ್ ಕಲಿತವರು ಒಂದು ವಿಷಯವನ್ನು ಗಮನದಲ್ಲಿಡಬೇಕು. ಸಂಚಾರ ಬಲಬದಿಯದೆಂಬುದು ವಾಹನಗಳ ನಡುವೆ ತಾನಾಗಿ ನೆನಪಿರುತ್ತದೆ; ಅದು ಮರೆತುಹೋಗುವುದು ನೋಟದ ತಾಣದಲ್ಲಿ ನಿಂತು, ಫೋಟೊ ತೆಗೆದು, ಖಾಲಿ ರಸ್ತೆಗೆ ಮರಳುವಾಗ. ಪಾರ್ಕಿನ ವೈಲ್ಡ್‌ಲೈಫ್ ಲೂಪ್ ರಸ್ತೆಯಲ್ಲಿ ಬೈಸನ್ ಹಿಂಡು ಅಡ್ಡ ಬಂದರೆ ಹಾರ್ನ್ ಹೊಡೆಯದೆ ದೂರದಲ್ಲೇ ನಿಲ್ಲಬೇಕು, ಏಕೆಂದರೆ ಗಂಡು ಬೈಸನ್ ಒಂದೊಂದೂ ಬೈಕಿನ ಎರಡು ಮೂರು ಪಟ್ಟು ತೂಗುತ್ತದೆ. ವಯಸ್ಕರಿಗೆ ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ಕಣ್ಣಿನ ರಕ್ಷಣೆಯನ್ನು ಈ ರಾಜ್ಯದ ಕಾನೂನು ಬಯಸುತ್ತದೆ; ಬರಿತಲೆಯ ಸವಾರರನ್ನು ಕಂಡು ಹೆಲ್ಮೆಟ್ ಬಿಡುವ ಉಮೇದು ಬೇಡ. ಮಧ್ಯಾಹ್ನದ ಮೇಲೆ ಗುಡುಗುಸಹಿತ ಮಳೆ, ಒಮ್ಮೊಮ್ಮೆ ಆಲಿಕಲ್ಲು ಬೀಳುವುದರಿಂದ ಮಳೆಯಂಗಿಯನ್ನು ಪೆಟ್ಟಿಗೆಯ ತಳಕ್ಕೆ ತುರುಕದೆ ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು.

ದಿನಬಾಡಿಗೆ ಕೊಡುವವರು ಬೆಳಗಿನ ಹೊತ್ತಿಗೇ ಬೈಕ್ ಕೈಗೆ ಕೊಡುತ್ತಾರೆಯೇ ಎಂದು ಕಾಯ್ದಿರಿಸುವ ಮುನ್ನ ಕೇಳಿಕೊಳ್ಳಿ. ಒಂಬತ್ತರ ಒಳಗೆ ಐರನ್ ಮೌಂಟನ್ ರಸ್ತೆಗೆ ತಲುಪಿದವರಿಗೆ ತಿರುವುಗಳು ಸಿಗುತ್ತವೆ. ಹನ್ನೊಂದರ ಮೇಲೆ ಬಂದವರಿಗೆ ಸಿಗುವುದು ಮುಂದಿನ ಬೈಕಿನ ಹೊಗೆ ಮಾತ್ರ.