ಮಂಡಿಪೇಟೆಯಲ್ಲಿ ಮಾಡಿಸಿದ ಹ್ಯಾಮ್ಸ್ಟರ್ ಕ್ಯಾರಿಯರ್: ಐದು ಪ್ರಯಾಣಗಳ ನಂತರ

ತುಮಕೂರಿನ ಮಂಡಿಪೇಟೆಯಲ್ಲಿ ಶಾಲಾ ಬ್ಯಾಗು, ಟಿಫಿನ್ ಚೀಲ, ಬೈಕಿನ ಸೀಟ್ ಕವರ್ ಹೊಲಿಯುವ ಪುಟ್ಟ ಅಂಗಡಿಯೊಂದಿದೆ. ಅದಕ್ಕೆ ನಾಮಫಲಕವಿಲ್ಲ. ಹೊರಗೆ ತೂಗುಹಾಕಿದ ಕ್ಯಾನ್ವಾಸ್ ಚೀಲಗಳೇ ಗುರುತು. ನಮ್ಮ ಮನೆಯ ಹ್ಯಾಮ್ಸ್ಟರನ್ನು, ಅಂದರೆ ಇಲಿಯಂಥ ಪುಟ್ಟ ಸಾಕುಪ್ರಾಣಿಯನ್ನು, ಬೆಂಗಳೂರಿಗೆ ಕರೆದೊಯ್ಯಲು ಬೇಕಾದ ಕ್ಯಾರಿಯರನ್ನು ನಾನು ಮಾಡಿಸಿದ್ದು ಅಲ್ಲಿಯೇ. ಐದು ಬಾರಿ ಅದರಲ್ಲಿ ಪ್ರಯಾಣ ಮಾಡಿ ಬಂದ ಮೇಲೆ, ಇಂಥ ಪುಟ್ಟ ಪ್ರಾಣಿಯನ್ನು ಸಾಕಿರುವ ಇತರರಿಗೂ ನೆರವಾಗಲೆಂದು ಅದರ ಗುಣ ದೋಷಗಳನ್ನು ಬರೆಯುತ್ತಿದ್ದೇನೆ.

ನಮ್ಮದು ಒಂದು ವರ್ಷ ನಾಲ್ಕು ತಿಂಗಳ ಸಿರಿಯನ್ ಹ್ಯಾಮ್ಸ್ಟರ್. ಮೈಬಣ್ಣ ನೋಡಿ ಮಗಳು ಅದಕ್ಕೆ ಹುರುಳಿ ಎಂದು ಹೆಸರಿಟ್ಟಿದ್ದಾಳೆ. ಹ್ಯಾಮ್ಸ್ಟರಿನ ಮುಂದಿನ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಉಜ್ಜಿ ಸವೆಯದಿದ್ದರೆ ಅವು ಬಾಗಿ ಬೆಳೆದು ತಿನ್ನುವುದೇ ನಿಂತುಹೋಗುತ್ತದೆ. ಹುರುಳಿಗೆ ಆಗಿರುವುದು ಇದೇ. ತುಮಕೂರಿನಲ್ಲಿ ನಾವು ಹೋದ ಕಡೆ ದನ, ನಾಯಿ, ಬೆಕ್ಕುಗಳಿಗೆ ಒಳ್ಳೆಯ ಚಿಕಿತ್ಸೆಯಿತ್ತಾದರೂ ಇಷ್ಟು ಸಣ್ಣ ಹಲ್ಲಿಗೆ ತಕ್ಕ ಉಪಕರಣವಿರಲಿಲ್ಲ. ಆದ್ದರಿಂದ ನಾಲ್ಕೈದು ವಾರಕ್ಕೊಮ್ಮೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ, ಹೆಬ್ಬಾಳದ ಕಡೆಯ ವೈದ್ಯರೊಬ್ಬರ ಬಳಿಗೆ ಹೋಗಿ ಹಲ್ಲು ಕತ್ತರಿಸಿಕೊಂಡು ಬರಬೇಕಾಗಿದೆ.

ಮೊದಲು ನಾವು ಆನ್‌ಲೈನಿನಲ್ಲಿ ಸಿದ್ಧ ಕ್ಯಾರಿಯರ್ ಒಂದನ್ನು ತರಿಸಿದ್ದೆವು. ನೋಡಲು ಅಂದವಾಗಿಯೇ ಇತ್ತು, ಮುಂದುಗಡೆ ನೈಲಾನ್ ಬಲೆಯ ಕಿಟಕಿ, ಒಳಗೆ ಮೆತ್ತನೆಯ ಉಣ್ಣೆಯಂಥ ಬಟ್ಟೆ. ಎರಡನೆಯ ಪ್ರಯಾಣದಲ್ಲಿ ದಾಬಸ್‌ಪೇಟೆ ದಾಟುವಷ್ಟರಲ್ಲಿ ಹುರುಳಿ ಬಲೆಯ ಅಂಚಿನ ಹೊಲಿಗೆಯನ್ನು ಹಲ್ಲಿಗೆ ಸಿಕ್ಕಿಸಿಕೊಂಡಿತ್ತು, ನೆಲಮಂಗಲ ತಲುಪಿದಾಗ ಚೀಲ ಖಾಲಿಯಾಗಿತ್ತು. ಎರಡು ರೂಪಾಯಿ ನಾಣ್ಯದಷ್ಟಗಲದ ತೂತು. ರಸ್ತೆ ಬದಿಗೆ ಕಾರು ನಿಲ್ಲಿಸಿ, ಬಾಗಿಲು ತೆಗೆದರೆ ಎಲ್ಲಿ ಹೊರಗೆ ಹಾರಿಬಿಡುವುದೋ ಎಂದು ಬಾಗಿಲು ಹಾಕಿಕೊಂಡೇ ನಲವತ್ತು ನಿಮಿಷ ಹುಡುಕಿದೆವು. ಕೊನೆಗೆ ಸೀಟಿನ ಕೆಳಗಿನ ಕಬ್ಬಿಣದ ಹಳಿಯ ಸಂದಿಯಲ್ಲಿ ಮುದುಡಿ ಕುಳಿತಿತ್ತು. ಆ ಸೀಟನ್ನು ಯಾರಾದರೂ ಹಿಂದಕ್ಕೆ ಸರಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಮಂಡಿಪೇಟೆಯ ಅಂಗಡಿಯ ಯಜಮಾನರಿಗೆ ಹರಿದ ಚೀಲವನ್ನು ತೋರಿಸಿದಾಗ ಅವರು ತೂತಿನ ಸುತ್ತ ಬೆರಳಾಡಿಸಿ ನೋಡಿದರು. "ಬಲೆ ಹರಿದಿಲ್ಲ ಮೇಡಂ, ದಾರ ಹರಿದಿದೆ. ಇದು ಹಲ್ಲಿನ ಪ್ರಾಣಿ ಅಂದ್ರೆ ಹೊಲಿಗೆ ಅನ್ನೋದು ಅದರ ಕಣ್ಣಿಗೇ ಬೀಳಬಾರದು," ಎಂದರು. ನನ್ನ ಮಟ್ಟಿಗೆ ಈ ಕ್ಯಾರಿಯರಿನ ವಿನ್ಯಾಸವೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು. ಪ್ರಾಣಿಯಿರುವ ಭಾಗ ಗಟ್ಟಿ ಪೆಟ್ಟಿಗೆ, ಅಂದ ಚೆಂದವೆಲ್ಲ ಅದರ ಹೊರಗೆ ತೊಡಿಸುವ ಬಟ್ಟೆಯ ಕವಚ ಎಂದು ಅಲ್ಲೇ ನಿಂತು ತೀರ್ಮಾನಿಸಿದೆವು.

ಒಳಪೆಟ್ಟಿಗೆ 4 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯದು. ಉದ್ದ 30, ಅಗಲ 20, ಎತ್ತರ 20 ಸೆಂಟಿಮೀಟರ್. ಯಜಮಾನರೇ ಅದನ್ನು ಪಕ್ಕದ ಬೀದಿಯಲ್ಲಿ ನಾಮಫಲಕ ಮಾಡುವವರಿಂದ ಕತ್ತರಿಸಿ ಅಂಟಿಸಿ ತರಿಸಿದರು. ನಯವಾದ ಸಪಾಟು ಗೋಡೆಯಲ್ಲಿ ಹಲ್ಲೂರಲು ಅಂಚೇ ಸಿಗುವುದಿಲ್ಲವಾದ್ದರಿಂದ ಹ್ಯಾಮ್ಸ್ಟರ್ ಅದನ್ನು ಕಡಿಯಲಾರದು. ಅಪಾಯವಿರುವುದು ಗಾಳಿಗೆಂದು ಬಿಡುವ ಕಿಂಡಿಗಳಲ್ಲಿ. ಅದಕ್ಕಾಗಿ ಎದುರುಬದುರಿನ ಎರಡು ಗೋಡೆಗಳಲ್ಲಿ ಅಂಗೈಯಗಲದ ಕಿಟಕಿ ಕೊರೆಸಿ, 6 ಮಿಲಿಮೀಟರ್ ಕಣ್ಣಿನ ಸ್ಟೀಲ್ ಜಾಲರಿ ಕೂರಿಸಲಾಗಿದೆ. ಬೆಳೆದ ಸಿರಿಯನ್ ಹ್ಯಾಮ್ಸ್ಟರಿಗೆ ಸುಮಾರು 12 ಮಿಲಿಮೀಟರ್ ಸಂದಿಯವರೆಗೂ ನಡೆಯುತ್ತದೆ ಎನ್ನುತ್ತಾರೆ. ಆದರೆ ಇವುಗಳ ಚರ್ಮ ಎಷ್ಟು ಸಡಿಲವೆಂದರೆ ತಲೆ ತೂರಿದ ಕಡೆ ಮೈಯೂ ತೂರುತ್ತದೆ, ಮೇಲಾಗಿ ಮುಂದೆ ಡ್ವಾರ್ಫ್ ಎಂಬ ಇನ್ನೂ ಚಿಕ್ಕ ಜಾತಿಯ ಹ್ಯಾಮ್ಸ್ಟರ್ ಸಾಕಿದರೂ ಇದೇ ಪೆಟ್ಟಿಗೆ ಉಪಯೋಗಕ್ಕೆ ಬರಲಿ ಎಂದು ಸಣ್ಣ ಕಣ್ಣನ್ನೇ ಆರಿಸಿದೆ. ಎರಡು ಕಡೆ ಕಿಟಕಿಯಿದ್ದರೆ ಗಾಳಿ ಒಂದು ಬದಿಯಿಂದ ಬಂದು ಇನ್ನೊಂದು ಬದಿಯಿಂದ ಹೋಗುತ್ತದೆ. ಮುಚ್ಚಳದಲ್ಲಿ ಮಾತ್ರ ತೂತುಗಳಿರುವ ಪೆಟ್ಟಿಗೆಯಲ್ಲಿ ಬಿಸಿ ಗಾಳಿಯೂ ಮೂತ್ರದ ಘಾಟೂ ಬೇಗ ಹೊರಹೋಗದೆ ಒಳಗೇ ಉಳಿಯುತ್ತವೆ.

ಅಕ್ರಿಲಿಕ್ ಅಂಟಿಸಲು ನಮ್ಮ ಕಡೆ ಕ್ಲೋರೋಫಾರ್ಮ್ ಬಳಸುತ್ತಾರೆಂಬುದು ನನಗೆ ಗೊತ್ತಾದದ್ದು ಪೆಟ್ಟಿಗೆ ಕೈಗೆ ಬಂದು, ಮುಚ್ಚಳ ತೆಗೆದು ಮೂಸಿ ನೋಡಿದ ಮೇಲೆ. ಇಂಥ ಸಣ್ಣ ಪ್ರಾಣಿಗಳ ಉಸಿರಾಟದ ಅಂಗಗಳು ಬಹಳ ಸೂಕ್ಷ್ಮ. ಮುಚ್ಚಳ ತೆರೆದು ಹತ್ತು ದಿನ ವರಾಂಡದಲ್ಲಿಟ್ಟು, ವಾಸನೆ ಒಂದಿಷ್ಟೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹುರುಳಿಯನ್ನು ಒಳಗೆ ಬಿಟ್ಟೆ. ಮಾಡಿಸುವವರು ಯಾರೇ ಆಗಲಿ ಈ ಹತ್ತು ದಿನಗಳನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಮುಂಚಿತವಾಗಿ ಕೊಡಬೇಕು.

ಮೊದಲ ಸಲ ಕೊಟ್ಟ ಪೆಟ್ಟಿಗೆಯಲ್ಲಿ ಒಂದು ದೊಡ್ಡ ದೋಷವಿತ್ತು. ಜಾಲರಿಯನ್ನು ಒಳಗಡೆಯಿಂದ, ಬಿಸಿ ಅಂಟಿನ ಗನ್ನಿನಲ್ಲಿ ಅಂಟಿಸಿದ್ದರು. ಪ್ರಯಾಣಕ್ಕೆ ಮೊದಲು ಅಭ್ಯಾಸವಾಗಲೆಂದು ಮನೆಯಲ್ಲೇ ಒಂದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಜಾಲರಿಯ ಒಂದು ಮೂಲೆಯ ಅಂಟು ಅಕ್ಕಿಕಾಳಿನಷ್ಟು ಸಣ್ಣ ಚೂರುಗಳಾಗಿ ಕೆಳಗೆ ಬಿದ್ದಿತ್ತು. ಹ್ಯಾಮ್ಸ್ಟರ್ ಸಿಕ್ಕಿದ್ದನ್ನೆಲ್ಲ ಕೆನ್ನೆಯ ಚೀಲಗಳಿಗೆ ತುಂಬಿಕೊಳ್ಳುವ ಪ್ರಾಣಿ, ಆ ಅಂಟಿನ ಚೂರು ಒಳಗೆ ಮೆತ್ತಿಕೊಂಡಿದ್ದರೆ ಇನ್ನೊಂದು ಚಿಕಿತ್ಸೆಯೇ ಬೇಕಾಗುತ್ತಿತ್ತು. ಯಜಮಾನರು ವಾದ ಮಾಡಲಿಲ್ಲ. ಅಂಟನ್ನೆಲ್ಲ ಕೆರೆದು ತೆಗೆಸಿ, ಜಾಲರಿಯನ್ನು ಹೊರಗಡೆಯಿಂದ ಕೂರಿಸಿ, ಅದರ ಅಂಚಿನ ಮೇಲೆ ಅಲ್ಯೂಮಿನಿಯಂ ಪಟ್ಟಿಯಿಟ್ಟು ಸ್ಕ್ರೂ ಹಾಕಿಸಿ ಕೊಟ್ಟರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಈಗ ಒಳಗಡೆ ಕೈಯಾಡಿಸಿದರೆ ಒಂದು ಮೊನೆಯೂ ತಗಲುವುದಿಲ್ಲ.

ಮೇಲಿನ ಮುಚ್ಚಳಕ್ಕೆ ಎರಡು ಚಿಲಕಗಳಿವೆ. ಪೆಟ್ಟಿಗೆಯನ್ನು ಮೇಲಿನಿಂದ ತೆರೆಯುವಂತೆ ಮಾಡಿಸಿದ್ದಕ್ಕೆ ಕಾರಣವಿದೆ. ಬಾಗಿಲು ಪಕ್ಕದಲ್ಲಿದ್ದರೆ ವೈದ್ಯರ ಮೇಜಿನ ಮೇಲೆ ತೆರೆದ ಕೂಡಲೇ ಪ್ರಾಣಿ ಹೊರಗೆ ನುಗ್ಗುತ್ತದೆ, ಮೇಲಿನಿಂದಾದರೆ ಎರಡೂ ಕೈ ಇಳಿಸಿ ಬೊಗಸೆಯಲ್ಲಿ ಎತ್ತಿಕೊಳ್ಳಬಹುದು.

ಇನ್ನು ಹೊರಕವಚ. ಇದಕ್ಕೆ ಕ್ಯಾನ್ವಾಸ್ ಬಟ್ಟೆಯ ಮೇಲೆ ಗುಳೇದಗುಡ್ಡದ ಖಣ ಹೊದಿಸಿ ಹೊಲಿಸಿದ್ದು ನಮ್ಮ ಅತ್ತೆಯವರ ಆಸೆ. ಅವರ ಹಳೆಯ ಪೆಟ್ಟಿಗೆಯಲ್ಲಿ ರವಿಕೆಗೆಂದು ಇಟ್ಟಿದ್ದ, ಹಸಿರು ಒಡಲಿಗೆ ಕೆಂಪಂಚಿನ ಖಣವೊಂದಿತ್ತು. ಯಜಮಾನರು ಅದರ ಅಂಚನ್ನು ಕತ್ತರಿಸಿ ಬಿಸಾಡದೆ ಕಿಟಕಿಗಳ ಸುತ್ತ ಚೌಕಟ್ಟಿನಂತೆ ಕೂರಿಸಿ, ಮೂಲೆಗಳಿಗೆ ಕೆಂಪು ಪೈಪಿಂಗ್ ಕೊಟ್ಟಿದ್ದಾರೆ. ನಾಲ್ಕು ಮೂಲೆಯಲ್ಲೂ ಖಣದ ಸಣ್ಣ ಹೂಗಳು ಒಂದೂ ಅರ್ಧಕ್ಕೆ ತುಂಡಾಗದಂತೆ ಸೇರಿವೆ. ಬಟ್ಟೆಯನ್ನು ಕತ್ತರಿಸುವ ಮೊದಲು ಎಷ್ಟು ಸಲ ಮಡಚಿ ಬಿಚ್ಚಿ ನೋಡಿರಬೇಕು ಎಂಬುದು ಅದರಲ್ಲೇ ತಿಳಿಯುತ್ತದೆ. ಬಸ್ಸಿನಲ್ಲಿ ಹೋದಾಗ ಪಕ್ಕದಲ್ಲಿ ಕುಳಿತವರು ಇದನ್ನು ವೀಣೆಯ ಸಾಮಾನಿನ ಚೀಲವೇ ಎಂದು ಕೇಳಿದ್ದರು.

ಕವಚ ಬರೀ ಅಲಂಕಾರವಲ್ಲ. ಇಂದು ಮನೆಗಳಲ್ಲಿ ಸಾಕುವ ಸಿರಿಯನ್ ಹ್ಯಾಮ್ಸ್ಟರುಗಳು ಬಹುಮಟ್ಟಿಗೆ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ನೆಲ ಅಗೆದು ಹಿಡಿದು ತಂದ ಒಂದೇ ತಾಯಿ ಮತ್ತು ಮರಿಗಳ ಸಂತತಿ. ಎಷ್ಟು ತಲೆಮಾರು ಕಳೆದರೂ ಇದು ಬಿಲದ ಪ್ರಾಣಿ, ಹಗಲು ನಿದ್ರಿಸುವ ಪ್ರಾಣಿ. ನಾಲ್ಕೂ ಕಡೆ ಪಾರದರ್ಶಕವಾಗಿರುವ ಪೆಟ್ಟಿಗೆಯಲ್ಲಿ ಅದಕ್ಕೆ ಅಡಗಲು ತಾವೇ ಇರುವುದಿಲ್ಲ. ಕವಚ ಹಾಕಿದ ಕೂಡಲೇ ಒಳಗೆ ಕತ್ತಲಾಗುತ್ತದೆ, ಕಿಟಕಿಗಳ ಮೇಲಿನ ಪರದೆಯನ್ನು ಮಾತ್ರ ಸುತ್ತಿ ಗುಂಡಿ ಹಾಕಿಡಬಹುದು. ತಳದಲ್ಲಿ ಐದಾರು ಸೆಂಟಿಮೀಟರ್ ಕಾಗದದ ಚೂರು, ಅದರಲ್ಲಿ ಒಂದು ಹಿಡಿ ಹಳೆಯ ಗೂಡಿನದೇ ಆಗಿರುವಂತೆ ಹಾಕಿ, ರಟ್ಟಿನ ಒಂದು ಕೊಳವೆಯಿಟ್ಟರೆ ಹುರುಳಿ ಕ್ಯಾತ್ಸಂದ್ರ ದಾಟುವ ಮೊದಲೇ ಅದರೊಳಗೆ ಸೇರಿ ಮಲಗುತ್ತದೆ. ಹತ್ತಿ ಅಥವಾ ಎಳೆ ಬಿಡುವ ಬಟ್ಟೆಯನ್ನು ಯಾವ ಕಾರಣಕ್ಕೂ ಹಾಕಬಾರದು, ಎಳೆ ಕಾಲಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲುತ್ತದೆ. ನೀರಿನ ಬಾಟಲಿಯನ್ನೂ ನಾನು ಕಟ್ಟುವುದಿಲ್ಲ. ಗಾಡಿಯ ಕುಲುಕಾಟಕ್ಕೆ ನೀರು ತೊಟ್ಟಿಕ್ಕಿ ಹಾಸು ಒದ್ದೆಯಾಗುತ್ತದೆ, ಒಂದು ತುಂಡು ಸೌತೆಕಾಯಿ ಆ ಕೆಲಸ ಮಾಡುತ್ತದೆ.

ಆದರೆ ಇದೇ ಕವಚ ಸೆಖೆಗೆ ಒಗ್ಗುವುದಿಲ್ಲ, ಇದು ನನ್ನ ಮುಖ್ಯ ದೂರು. ಹ್ಯಾಮ್ಸ್ಟರಿಗೆ 20ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ, 30 ದಾಟಿದರೆ ಬಿಸಿಲಿನ ಆಘಾತದ ಭಯ. ಏಪ್ರಿಲ್‌ನಲ್ಲಿ ಹಿಂತಿರುಗುವಾಗ ಗೊರಗುಂಟೆಪಾಳ್ಯದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡೆವು. ಒಳಗೆ ಇರಿಸಿದ್ದ ಸಣ್ಣ ಥರ್ಮಾಮೀಟರ್ ಕಾರಿನೊಳಗಿನದಕ್ಕಿಂತ ಮೂರು ಡಿಗ್ರಿ ಹೆಚ್ಚು, ಅಂದರೆ 31 ತೋರಿಸುತ್ತಿತ್ತು. ಕ್ಯಾನ್ವಾಸು, ಲೈನಿಂಗು, ಖಣ ಹೀಗೆ ಮೂರು ಪದರವಾದದ್ದು ಅತಿಯಾಯಿತು. ಆಮೇಲೆ ಲೈನಿಂಗ್ ತೆಗೆಸಿ, ಹೆಪ್ಪುಗಟ್ಟಿಸಿದ ನೀರಿನ ಚಿಕ್ಕ ಬಾಟಲಿ ಇಡಲು ಒಂದು ಬದಿಯಲ್ಲಿ ಜೇಬು ಹೊಲಿಸಿದೆ. ಬಾಟಲಿಗೂ ಪ್ರಾಣಿಗೂ ನಡುವೆ ಅಕ್ರಿಲಿಕ್ ಗೋಡೆಯಿರುವುದರಿಂದ ತೇವ ತಾಗುವುದಿಲ್ಲ, ತಂಪು ಬೇಕೆನಿಸಿದರೆ ಹುರುಳಿ ತಾನೇ ಆ ಬದಿಗೆ ಸರಿಯುತ್ತದೆ. ಹೀಗಿದ್ದರೂ ಬೇಸಿಗೆಯಲ್ಲಿ ಬೆಳಗಿನ ಐದೂವರೆಗೆ ಹೊರಟು ಹತ್ತರೊಳಗೆ ಹಿಂತಿರುಗುವುದೇ ಕ್ಷೇಮ.

ತೂಕ ಇನ್ನೊಂದು ತೊಡಕು. ಪ್ರಾಣಿ 140 ಗ್ರಾಂ, ಪೆಟ್ಟಿಗೆ ಕವಚ ಸೇರಿ 1.9 ಕಿಲೋ. ಕಾರಿನಲ್ಲಿ ಹಿಂಬದಿಯ ಎರಡು ಪಟ್ಟಿಗಳಲ್ಲಿ ಸೀಟ್ ಬೆಲ್ಟ್ ತೂರಿಸಿ ಬಿಗಿದರೆ ಅಲುಗದೆ ಕೂರುತ್ತದೆ, ತಳದ ರಬ್ಬರ್ ಹಾಳೆಯೂ ಜಾರಲು ಬಿಡುವುದಿಲ್ಲ. ಬಸ್ಸಿಳಿದು ಹೆಗಲಿಗೆ ಹಾಕಿಕೊಂಡು ನಡೆಯುವಾಗ ಮಾತ್ರ ಪಟ್ಟಿ ಭುಜವನ್ನು ಕೊರೆಯುತ್ತದೆ. ಅದಕ್ಕೆ ಸ್ಪಂಜು ಹಾಕಿಸಬೇಕಿತ್ತು.

ಅಕ್ರಿಲಿಕ್ ಕೆಲಸ, ಜಾಲರಿ, ಹೊಲಿಗೆ ಎಲ್ಲ ಸೇರಿ ನನಗೆ 2,150 ರೂಪಾಯಿ ಖರ್ಚಾಯಿತು, ಖಣ ನಮ್ಮದೇ. ಎಂಟು ದಿನವೆಂದವರು ಹತ್ತೊಂಬತ್ತು ದಿನ ಮಾಡಿದರು, ಮೂರು ಸಲ ಸುಮ್ಮನೆ ಹೋಗಿ ಬಂದೆ. ಕೆಲಸದಲ್ಲಿರುವ ಶ್ರದ್ಧೆ ಹೇಳಿದ ದಿನಕ್ಕೆ ಕೊಡುವುದರಲ್ಲಿಯೂ ಇದ್ದಿದ್ದರೆ ಚೆನ್ನಿತ್ತು. ಖಣವನ್ನೂ ಪೈಪಿಂಗಿನ ಬಟ್ಟೆಯನ್ನೂ ಮೊದಲು ತಣ್ಣೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ನೋಡಿ ಕೊಡಿ, ನಮ್ಮದು ಮೊದಲ ಒಗೆತದಲ್ಲಿ ಪೈಪಿಂಗಿನ ಕೆಂಪು ಹಸಿರಿಗೆ ಹತ್ತಿದೆ. ಅಳತೆ ಕೊಡುವಾಗ ನಿಮ್ಮ ಪ್ರಾಣಿಯನ್ನೂ ಹಳೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಸಂಜೆಯ ತಂಪಿನಲ್ಲಿ ಅಂಗಡಿಗೆ ಹೋಗಿ. ಯಜಮಾನರು ಹುರುಳಿಯ ಹಲ್ಲನ್ನು ಟಾರ್ಚ್ ಹಾಕಿ ನೋಡಿದ ಮೇಲೆಯೇ ಸ್ಕ್ರೂ ಎಲ್ಲೆಲ್ಲಿ ಬರಬೇಕೆಂದು ಗುರುತು ಹಾಕಿದ್ದು.