ರೈಡಿಂಗ್ ಮೌಂಟನ್‌ಗೆ ಹೋದರೆ ಉಳಿಯುವುದು ಯಾವ ಊರಲ್ಲಿ? ನಾಲ್ಕು ಊರುಗಳ ಹೋಲಿಕೆ

ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ರೈಡಿಂಗ್ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ಕಣ್ಣುಮುಚ್ಚಿಕೊಂಡು ಉದ್ಯಾನದೊಳಗಿನ ಊರಾದ ವಾಸಗಾಮಿಂಗ್‌ನಲ್ಲೇ ರೂಮು ಹುಡುಕುತ್ತಾರೆ. ಕ್ಲಿಯರ್ ಲೇಕ್ ಇರುವುದು ಅಲ್ಲೇ, ಸರಿ. ಆದರೆ ಜುಲೈನಲ್ಲಿ ರೂಮು ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ಕೇಳಿದರೆ ವಾಪಸ್ ಹೋಗೋಣ ಅನ್ನಿಸುತ್ತದೆ. ಅಕ್ಟೋಬರ್ ಮಧ್ಯ ಕಳೆದ ಮೇಲೆ ಹೋದರೆ ಅಂಗಡಿಗಳೇ ಮುಚ್ಚಿರುತ್ತವೆ. ಉದ್ಯಾನದ ಆಸುಪಾಸಿನಲ್ಲಿ ಇನ್ನೂ ಮೂರು ಊರುಗಳಿವೆ: ದಕ್ಷಿಣಕ್ಕೆ ಮಿನೆಡೋಸ, ಆಗ್ನೇಯಕ್ಕೆ ನೀಪವಾ, ಉತ್ತರಕ್ಕೆ ಡಾಫಿನ್. ನಾಲ್ಕನ್ನೂ ತಂಗುದಾಣ ಮಾಡಿಕೊಂಡು ಓಡಾಡಿ ನೋಡಿದ ಮೇಲಿನ ಲೆಕ್ಕ ಇದು.

ಊರುಗಳ ಗುಣವೆಲ್ಲ ನೆಲದಿಂದಲೇ ಬಂದದ್ದು. ಪ್ರಾಂತ್ಯದ ರಾಜಧಾನಿ ವಿನಿಪೆಗ್‌ನಿಂದ ಪಶ್ಚಿಮಕ್ಕೆ ಹೊರಟರೆ ಎರಡು ಗಂಟೆ ಬಟಾಬಯಲು. ಗೋಧಿ, ಕನೋಲ, ಮತ್ತೆ ಗೋಧಿ. ಹಿಮಯುಗದ ಕೊನೆಯಲ್ಲಿ ಇಲ್ಲಿ ಹರಡಿಕೊಂಡಿದ್ದ ಅಗಸೀಜ್ ಎಂಬ ಮಹಾಸರೋವರದ ತಳ ಅದು. ಅದಕ್ಕೇ ಅಷ್ಟು ಚಪ್ಪಟೆ. ಆ ಬಯಲಿನ ಅಂಚಿನಲ್ಲಿ ನೆಲ ಒಮ್ಮೆಗೇ 300 ಮೀಟರಿಗೂ ಹೆಚ್ಚು ಮೇಲೇಳುತ್ತದೆ. ಆ ಏರಿನ ನೆತ್ತಿಯ ಮೇಲಿದೆ ಉದ್ಯಾನ, ಸುಮಾರು 3,000 ಚದರ ಕಿ.ಮೀ. ಕಾಡು. ಹೆಸರಿನಲ್ಲಿರುವ ಪರ್ವತ ಹುಡುಕಬೇಡಿ. ಘಟ್ಟ ನೋಡಿದ ಕಣ್ಣಿಗೆ ಇದು ದೊಡ್ಡ ದಿಬ್ಬ. ಆದರೆ ಕೆಳಗೆ 28 ಡಿಗ್ರಿ ಇದ್ದ ದಿನವೂ ಮೇಲೆ ರಾತ್ರಿ ಸ್ವೆಟರ್ ಬೇಕು. ವಾಸಗಾಮಿಂಗ್ ಮೇಲಿದೆ, ನೀಪವಾ ಮತ್ತು ಡಾಫಿನ್ ಕೆಳಗಿವೆ, ಮಿನೆಡೋಸ ಒಂದು ಕಣಿವೆಯೊಳಗೆ ಕೂತಿದೆ.

ವಾಸಗಾಮಿಂಗ್

ವಿನಿಪೆಗ್‌ನಿಂದ ಸುಮಾರು 265 ಕಿ.ಮೀ., ನಿಲ್ಲದೆ ಹೋದರೆ ಮೂರು ಗಂಟೆ. ಇದರ ದೊಡ್ಡ ಅನುಕೂಲ ಒಂದೇ: ಕಾರು ನಿಲ್ಲಿಸಿದ ಮೇಲೆ ಮತ್ತೆ ಕೀಲಿ ಮುಟ್ಟಬೇಕಾಗಿಲ್ಲ. ಕ್ಯಾಂಪ್‌ಗ್ರೌಂಡ್, ಮರಳ ದಡ, ಐಸ್‌ಕ್ರೀಮ್ ಅಂಗಡಿ, 1930ರ ದಶಕದ ಮರದ ದಿಮ್ಮಿಯ ಕಟ್ಟಡಗಳು, ಒಮಿನಿಕ್ ಜೌಗಿನ ಹಲಗೆ ದಾರಿ, ಎಲ್ಲಕ್ಕೂ ನಡೆದೇ ಹೋಗಬಹುದು. ಜೌಗಿನ ಸುತ್ತು ಎರಡು ಕಿ.ಮೀ. ಒಳಗೇ ಮುಗಿಯುತ್ತದೆ, ಚಿಕ್ಕ ಮಕ್ಕಳಿಗೂ ಆಗುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಊಟ ಮುಗಿಸಿ ದಡದಲ್ಲಿ ಎರಡು ಗಂಟೆ ಕೂತರೂ ಬೆಳಕು ಇರುತ್ತದೆ. ಬೇರೆ ಊರಲ್ಲಿ ಉಳಿದವರು ಕಳೆದುಕೊಳ್ಳುವುದು ಮುಖ್ಯವಾಗಿ ಈ ಸಂಜೆಯನ್ನು. ಹಗಲಿನ ನೋಟವೆಲ್ಲ ಎಲ್ಲಿಂದ ಬಂದರೂ ಸಿಗುತ್ತದೆ.

ಟೆಂಟು ಹೊಡೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಟೆಂಟು ಇಲ್ಲದವರಿಗೆ ಓಟೆಂಟಿಕ್ ಎಂಬ, ಮರದ ಚೌಕಟ್ಟಿನ ಕ್ಯಾನ್‌ವಾಸ್ ಮನೆಗಳಿವೆ. ಆರು ಜನ ಮಲಗಬಹುದು, ಆದರೆ ದಿಂಬು, ಹೊದಿಕೆ, ಸ್ಲೀಪಿಂಗ್ ಬ್ಯಾಗ್ ನಮ್ಮದೇ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದ ಬುಕಿಂಗ್ ವರ್ಷದ ಆರಂಭದ ತಿಂಗಳುಗಳಲ್ಲೇ ತೆರೆಯುತ್ತದೆ. ಲಾಂಗ್ ವೀಕೆಂಡ್‌ಗಳು ಬೇಗ ಭರ್ತಿಯಾಗುತ್ತವೆ. ಪ್ರವೇಶ ಶುಲ್ಕ ಬೇರೆ. 17 ವರ್ಷದವರೆಗಿನವರಿಗೆ ಅದು ಇಲ್ಲ, ಒಂದೇ ಗಾಡಿಯಲ್ಲಿ ಬಂದ ಏಳು ಜನರಿಗೆ ಒಂದು ಫ್ಯಾಮಿಲಿ ಪಾಸ್ ಸಾಕು. ಸೌದೆ ಮನೆಯಿಂದ ಒಯ್ಯಬೇಡಿ. ಮರ ಕೊರೆಯುವ ಹುಳುಗಳು ಸೌದೆಯ ಜೊತೆ ಊರೂರು ದಾಟುತ್ತವೆ, ಹಾಗಾಗಿ ಅಲ್ಲೇ ಕೊಳ್ಳಬೇಕು.

ಅಡುಗೆಯಲ್ಲಿ ಎಡವುವುದು ಒಗ್ಗರಣೆಯಿಂದಲ್ಲ, ತೊಳೆಯದೆ ಬಿಟ್ಟ ಪಾತ್ರೆಯಿಂದ. ಇದು ಕಪ್ಪು ಕರಡಿಯ ಕಾಡು. ಸಾರಿನ ಪಾತ್ರೆ, ಎಣ್ಣೆ ಬಾಟಲಿ, ಒಲೆ, ಕೂಲರ್, ಕೊನೆಗೆ ಟೂತ್‌ಪೇಸ್ಟ್ ಕೂಡ ಮಲಗುವ ಮುಂಚೆ ಕಾರಿನೊಳಗೆ ಹೋಗಬೇಕು. ಖಾಲಿ ಕೂಲರ್ ಮೇಜಿನ ಮೇಲೆ ಬಿಟ್ಟರೂ ಸಿಬ್ಬಂದಿ ಬಂದು ಎಚ್ಚರಿಸುತ್ತಾರೆ, ಸುಮ್ಮನೆ ಅಲ್ಲ. ಕುಕ್ಕರ್ ಒಯ್ಯುವವರು ಒಲೆಗೆ ಗಾಳಿತಡೆಯನ್ನೂ ಒಯ್ಯಿರಿ. ಸರೋವರದ ಗಾಳಿಗೆ ಸಣ್ಣ ಬ್ಯೂಟೇನ್ ಒಲೆಯ ಉರಿ ಪಕ್ಕಕ್ಕೆ ವಾಲುತ್ತದೆ, ಅಕ್ಕಿ ಅರ್ಧ ಬೆಂದು ಗ್ಯಾಸ್ ಮುಗಿದಿರುತ್ತದೆ.

ಇನ್ನು ನೀರಿನ ವಿಷಯ. ಕ್ಲಿಯರ್ ಲೇಕ್ ಆಳದ ಸರೋವರ, ತಣ್ಣಗಿರುತ್ತದೆ. ಜೂನ್‌ನಲ್ಲಿ ಇಳಿದವರು ಇಳಿದಷ್ಟೇ ಬೇಗ ಮೇಲೆ ಬರುತ್ತಾರೆ. ಈಜಲು ಹಿತವಾಗುವುದು ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಅದೇ ಹೊತ್ತಿಗೆ ದಡದ ಬೆಚ್ಚಗಿನ ನೀರಿನಲ್ಲಿ ಸ್ವಿಮ್ಮರ್ಸ್ ಇಚ್ ಎಂಬ ತುರಿಕೆಯೂ ಶುರು. ಹಕ್ಕಿ ಮತ್ತು ಬಸವನಹುಳುಗಳಲ್ಲಿ ಬೆಳೆಯುವ ಒಂದು ಪರೋಪಜೀವಿಯ ಮರಿಗಳು ತಪ್ಪಿ ನಮ್ಮ ಚರ್ಮ ಹೊಕ್ಕು ಅಲ್ಲೇ ಸಾಯುವುದರಿಂದ ಬರುವ ಗುಳ್ಳೆಗಳು ಅವು. ಅಪಾಯವಿಲ್ಲ, ಆದರೆ ವಾರವಿಡೀ ಕೆರೆದುಕೊಳ್ಳಬೇಕಾದೀತು. ಮೈಮೇಲೆ ನೀರು ತಾನಾಗಿ ಆರಲು ಬಿಡಬಾರದು, ಹೊರಬಂದ ಕೂಡಲೇ ಒರಟು ಟವೆಲ್‌ನಿಂದ ಗಟ್ಟಿಯಾಗಿ ಒರೆಸಿಕೊಳ್ಳಬೇಕು. ಮೊಣಕಾಲು ಮಟ್ಟದ ನೀರಲ್ಲಿ ಗಂಟೆಗಟ್ಟಲೆ ಆಡುವ ಮಕ್ಕಳಿಗೇ ಇದು ಹೆಚ್ಚು.

ದೋಣಿ ಇರುವವರಿಗೆ ಇನ್ನೊಂದು ತಲೆನೋವು. 2023ರಲ್ಲಿ ಈ ಸರೋವರದಲ್ಲಿ ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆ ಚಿಪ್ಪುಜೀವಿ ಸಿಕ್ಕಿತು. 2024ರಲ್ಲಿ ಮೋಟಾರ್ ದೋಣಿಗಳನ್ನೇ ನಿಲ್ಲಿಸಿದರು. ಆಮೇಲೆ ನಿಯಮ ಋತುವಿನಿಂದ ಋತುವಿಗೆ ಬದಲಾಗಬಹುದಾದ ಸಂಗತಿ, ಹೊರಡುವ ವಾರದಲ್ಲಿ ಪಾರ್ಕ್ಸ್ ಕೆನಡಾದಿಂದ ಕೇಳಿಕೊಳ್ಳಿ. ಕಯಾಕ್, ಗಾಳಿ ತುಂಬುವ ಬೋರ್ಡ್ ಇದ್ದರೂ ಅಷ್ಟೇ. ಇಲ್ಲಿ ಬಳಸಿದ್ದನ್ನು ತೊಳೆದು, ನೀರು ಬಸಿದು, ಪೂರ್ತಿ ಒಣಗಿಸದೆ ಮಿನೆಡೋಸದ ಕೆರೆಗೆ ಇಳಿಸಬೇಡಿ. ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಒಂದು ಹನಿ ನೀರಿನಲ್ಲೇ ಸಾಗುತ್ತವೆ.

ಮಿನೆಡೋಸ

ನಮ್ಮ ಮತ ಇದಕ್ಕೆ, ಟೆಂಟು ಹೊಡೆಯದ ಸಂಸಾರಸ್ಥರಿಗಂತೂ ಖಂಡಿತ. ವಾಸಗಾಮಿಂಗ್‌ನಿಂದ ದಕ್ಷಿಣಕ್ಕೆ 10ನೇ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. 2021ರ ಗಣತಿಯಲ್ಲಿ ಮೂರು ಸಾವಿರಕ್ಕಿಂತ ಕಡಿಮೆ ಜನ. ಚಪ್ಪಟೆ ಹೊಲಗಳ ನಡುವೆ ಹೋಗುತ್ತಿದ್ದ ರಸ್ತೆ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ, ಮರಗಳ ನಡುವೆ ಊರು, ಊರಿನ ತಲೆಗೆ ಕೆರೆ. ಲಿಟಲ್ ಸಸ್ಕಾಚೆವಾನ್ ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಆದ ಕೆರೆ ಅದು. ಉದ್ದಕ್ಕೆ, ನೇರಕ್ಕೆ ಚಾಚಿದೆ, ಕಣಿವೆಯ ಗೋಡೆಗಳು ಗಾಳಿ ತಡೆಯುತ್ತವೆ. 1999ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ರೋಯಿಂಗ್ ಸ್ಪರ್ಧೆಗಳನ್ನು ಇಲ್ಲೇ ನಡೆಸಿದ್ದರು. ಹೊಸದಾಗಿ ಹುಟ್ಟು ಹಿಡಿಯುವವರಿಗೆ ಕ್ಲಿಯರ್ ಲೇಕ್‌ಗಿಂತ ಇದು ವಾಸಿ. ಅಲ್ಲಿ ಮಧ್ಯಾಹ್ನದ ಪಶ್ಚಿಮದ ಗಾಳಿಗೆ ಅಲೆ ಏಳುತ್ತದೆ, ಬೆಳಿಗ್ಗೆ ಹತ್ತರೊಳಗೆ ಮುಗಿಸಿಕೊಳ್ಳಬೇಕು. ಇಲ್ಲಿ ಆ ಧಾವಂತವಿಲ್ಲ. ಆಳ ಕಡಿಮೆ ಇರುವುದರಿಂದ ನೀರೂ ಬೇಗ ಬೆಚ್ಚಗಾಗುತ್ತದೆ. ಅದಕ್ಕೆ ತೆರುವ ಬೆಲೆ ಅಂದರೆ, ಬಿಸಿ ಹೆಚ್ಚಿದ ಆಗಸ್ಟ್‌ನಲ್ಲಿ ನೀರು ಹಸಿರು ತಿರುಗೀತು. ಬಣ್ಣ ಬಳಿದ ಹಾಗೆ ಪಾಚಿ ತೇಲುತ್ತಿದ್ದರೆ ಮಕ್ಕಳನ್ನೂ ನಾಯಿಯನ್ನೂ ಇಳಿಸಬಾರದು.

ಮಿನೆಡೋಸದಿಂದ ಉದ್ಯಾನಕ್ಕೆ ಹೋಗುವ 50 ಕಿ.ಮೀ. ಬರೀ ದಾರಿಯಲ್ಲ, ನೋಡುವ ಜಾಗ. ಹಿಮನದಿ ಬಿಟ್ಟುಹೋದ ಸಾವಿರಾರು ಸಣ್ಣ ಹೊಂಡಗಳು ಹೊಲಗಳ ನಡುವೆ ಕನ್ನಡಿಯ ಚೂರುಗಳಂತೆ ಬಿದ್ದಿವೆ. ಬಾತುಕೋಳಿಗಳು ಮರಿ ಮಾಡುವ ಹೆಸರಾಂತ ನೆಲ ಇದು. ಮೇ, ಜೂನ್‌ನಲ್ಲಿ ಕ್ಯಾನ್‌ವಾಸ್‌ಬ್ಯಾಕ್ ಎಂಬ ಕೆಂಗಂದು ತಲೆಯ ಬಾತುಗಳನ್ನು ಕಾರಿನಿಂದ ಇಳಿಯದೆ ನೋಡಬಹುದು. ಹೆದ್ದಾರಿ ಬಿಟ್ಟು ಪಕ್ಕದ ಮಣ್ಣು ರಸ್ತೆಗೆ ತಿರುಗಿ ಎಂಜಿನ್ ಆರಿಸಿ. ಬಾಗಿಲು ತೆಗೆದರೆ ಹಾರಿಹೋಗುತ್ತವೆ, ಕಿಟಕಿ ಇಳಿಸಿದರೆ ಕೂತಿರುತ್ತವೆ. ಮಳೆ ಬಂದ ಮಾರನೆಯ ದಿನ ಮಾತ್ರ ಆ ರಸ್ತೆಗಳಿಗೆ ಹೋಗಬೇಡಿ. ಇಲ್ಲಿನ ಜೇಡಿಮಣ್ಣು ಹಸಿಯಾದರೆ ಟೈರಿಗೆ ಮೆತ್ತಿಕೊಂಡು ಕಾರು ಚರಂಡಿಯ ಕಡೆ ಜಾರುತ್ತದೆ.

ವಾಸಗಾಮಿಂಗ್ ತಲುಪುವ ಮೊದಲು ಸಿಗುವ ಓನನೋಲ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳುವುದು ವಾಡಿಕೆ. ಉದ್ಯಾನದೊಳಗೆ ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನೂ ಇಲ್ಲೇ ಇಳಿಸಿಕೊಳ್ಳಿ.

ನೀಪವಾ

ಉಳಿಯುವುದಕ್ಕಲ್ಲ, ಸಾಮಾನು ತುಂಬಿಸಿಕೊಳ್ಳುವುದಕ್ಕೆ. ವಿನಿಪೆಗ್‌ನಿಂದ ಸುಮಾರು 190 ಕಿ.ಮೀ., 16 ಮತ್ತು 5ನೇ ಹೆದ್ದಾರಿಗಳು ಕೂಡುವ ಕಡೆ. ಇಲ್ಲಿಂದ ಕ್ಲಿಯರ್ ಲೇಕ್‌ಗೆ ಇನ್ನೂ ಒಂದು ಗಂಟೆ. ದಿನವೂ ಹೋಗಿ ಬರುವುದು ದಂಡ. ಲಿಲ್ಲಿ ಹೂಗಳ ಊರು ಎಂದು ಹೆಸರು, ಜುಲೈ ಕೊನೆಯಲ್ಲಿ ಅರಳಿರುತ್ತವೆ. ಕಾದಂಬರಿಕಾರ್ತಿ ಮಾರ್ಗರೆಟ್ ಲಾರೆನ್ಸ್ 1926ರಲ್ಲಿ ಹುಟ್ಟಿದ್ದು ಇಲ್ಲೇ, ಅವರು ಬೆಳೆದ ಮನೆ ಈಗ ವಸ್ತುಸಂಗ್ರಹಾಲಯ. ಓದುಗರಲ್ಲದಿದ್ದರೆ ಅರ್ಧ ಗಂಟೆ ಸಾಕು.

ಕನ್ನಡದ ಹೊಟ್ಟೆಗೆ ನೀಪವಾ ಉಪಕಾರಿಯಾಗುವುದು ಬೇರೆ ಕಾರಣಕ್ಕೆ. ಇಲ್ಲಿನ ದೊಡ್ಡ ಹಂದಿಮಾಂಸ ಕಾರ್ಖಾನೆಗೆ ಕೆಲಸಕ್ಕೆ ಬಂದ ಫಿಲಿಪಿನೊ ಕುಟುಂಬಗಳು ಊರಿನ ಮುಖವನ್ನೇ ಬದಲಿಸಿವೆ. ಫಿಲಿಪಿನೊ ಅಂಗಡಿ ಅಂದರೆ ಅಕ್ಕಿಯ ಮೂಟೆ, ತೆಂಗಿನ ಹಾಲು, ಶುಂಠಿ, ಹಸಿಮೆಣಸು, ಫ್ರೀಜರ್‌ನಲ್ಲಿ 'ಮಲುಂಗಾಯ್'. ಅದು ಬೇರೇನಲ್ಲ, ನುಗ್ಗೆಸೊಪ್ಪು. ಉದ್ಯಾನದೊಳಗಿನ ಅಂಗಡಿಗಳಲ್ಲಿ ಸಿಗುವುದು ಬನ್ನು, ಸಾಸೇಜು, ಚಿಪ್ಸು. ಸಸ್ಯಾಹಾರಿಗಳು ಬೇಳೆ, ಮಸಾಲೆಪುಡಿಯನ್ನು ಮನೆಯಿಂದ ತಂದು, ಮಿಕ್ಕಿದ್ದನ್ನು ಇಲ್ಲಿ ಕೊಂಡರೆ ಮೂರು ದಿನ ಪಿಜ್ಜಾ ತಿನ್ನುವುದು ತಪ್ಪುತ್ತದೆ.

ಡಾಫಿನ್

ವಿನಿಪೆಗ್‌ನಿಂದ 300 ಕಿ.ಮೀ. ದಾಟುತ್ತದೆ, ಕ್ಲಿಯರ್ ಲೇಕ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ. ನಾಲ್ಕರಲ್ಲಿ ದೊಡ್ಡ ಊರು, ಎಂಟು ಸಾವಿರಕ್ಕೂ ಹೆಚ್ಚು ಜನ, ಆಸ್ಪತ್ರೆ, ದೊಡ್ಡ ದಿನಸಿ ಅಂಗಡಿಗಳು, ವರ್ಷವಿಡೀ ತೆರೆದಿರುವ ಮೋಟೆಲ್‌ಗಳು. ರೈಲಿನಲ್ಲಿ ತಲುಪಬಹುದಾದ್ದೂ ಇದೊಂದೇ. ವಿನಿಪೆಗ್‌ನಿಂದ ಚರ್ಚಿಲ್‌ಗೆ ಹೋಗುವ ವಿಯಾ ರೈಲು ಇಲ್ಲಿ ನಿಲ್ಲುತ್ತದೆ. ಆದರೆ ವಾರಕ್ಕೆ ಎರಡೇ ಸಲ, ಇಳಿದ ಮೇಲೆ ಉದ್ಯಾನಕ್ಕೆ ಬಸ್ಸಿಲ್ಲ. ಹಾಗಾಗಿ ಆ ಅನುಕೂಲ ಕಾಗದದ ಮೇಲಿನದು.

ಸರೋವರದಲ್ಲಿ ಈಜುವುದೇ ಗುರಿಯಾದರೆ ಡಾಫಿನ್ ಬೇಡ. ಕಾಡಿನ ಉತ್ತರದ ಅಂಚು, ಮೂನ್ ಲೇಕ್ ಕಡೆಯ ನಡಿಗೆ, ಅಗಸೀಜ್ ಗೋಪುರದಿಂದ ಕೆಳಗಿನ ಬಯಲು ನೋಡುವುದು ಇವು ಬೇಕಾದರೆ ಇಲ್ಲಿಂದ ಹತ್ತಿರ. ಊಟವೂ ಇಲ್ಲಿ ಬೇರೆ. ಉಕ್ರೇನಿನಿಂದ ಬಂದ ರೈತರು ನೆಲೆಸಿದ ಸೀಮೆ, ಗುಮ್ಮಟದ ಚರ್ಚುಗಳು ಹೊಲಗಳ ನಡುವೆ ಕಾಣುತ್ತವೆ. ಪೆರೊಗಿ ಎಂಬ, ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬು ನಮ್ಮ ನಾಲಿಗೆಗೆ ಒಗ್ಗುತ್ತದೆ. ಆದರೆ ಮೇಲೆ ಹುರಿದ ಬೇಕನ್ ಚೂರು ಉದುರಿಸುವ ರೂಢಿಯಿದೆ, ಬೀಟ್‌ರೂಟ್ ಸಾರಿಗೆ ಮಾಂಸದ ಕಟ್ಟು ಹಾಕಿರಬಹುದು. "ವೆಜಿಟೇರಿಯನ್ನಾ?" ಎಂದು ಕೇಳಿದರೆ ಸಾಲದು, "ಬೇಕನ್ ಇಲ್ಲದೆ, ಈರುಳ್ಳಿ ಬೆಣ್ಣೆಯಲ್ಲಿ" ಎಂದೇ ಹೇಳಬೇಕು. ಬೇಸಿಗೆಯ ಕಂಟ್ರಿಫೆಸ್ಟ್ ಸಂಗೀತೋತ್ಸವ ಮತ್ತು ಉಕ್ರೇನಿಯನ್ ಉತ್ಸವದ ದಿನಗಳಲ್ಲಿ ಮಾತ್ರ ಊರಲ್ಲಿ ಹಾಸಿಗೆ ಸಿಗುವುದಿಲ್ಲ.

ಕಾಡಿನೊಳಗೆ

ಯಾವ ಊರಲ್ಲಿ ಉಳಿದರೂ ಎರಡು ಜಾಗಕ್ಕೆ ಹೊತ್ತು ಲೆಕ್ಕ ಹಾಕಬೇಕು. ಲೇಕ್ ಆಡಿಯ ಕಾಡೆಮ್ಮೆ (ಬೈಸನ್) ಆವರಣಕ್ಕೆ ವಾಸಗಾಮಿಂಗ್‌ನಿಂದಲೇ ಮುಕ್ಕಾಲು ಗಂಟೆ, ಕೊನೆಯದೆಲ್ಲ ಜಲ್ಲಿ ರಸ್ತೆ. ಬೈಸನ್‌ಗಳು ಬಯಲಿಗೆ ಬರುವುದು ಬೆಳಿಗ್ಗೆ ಮತ್ತು ಸಂಜೆ, ನಡು ಮಧ್ಯಾಹ್ನ ಹೋದವರಿಗೆ ಖಾಲಿ ಹುಲ್ಲು ಕಾಣುತ್ತದೆ. ಕಾರಿನಿಂದ ಇಳಿಯುವಂತಿಲ್ಲ. ಮಿನೆಡೋಸದಿಂದ ಹೊರಡುವವರು ಬೆಳಿಗ್ಗೆ ಆರಕ್ಕೇ ಬಿಡಬೇಕು. ಇನ್ನೊಂದು ಗ್ರೇ ಔಲ್ ಗುಡಿಸಲಿನ ದಾರಿ, ಹೋಗಿ ಬರಲು 17 ಕಿ.ಮೀ.ಗೂ ಹೆಚ್ಚು. ಗ್ರೇ ಔಲ್ ಅಂದರೆ ತಾನು ಕೆನಡಾದ ಮೂಲನಿವಾಸಿ ಎಂದು ಹೇಳಿಕೊಂಡ ಇಂಗ್ಲೆಂಡಿನವ, 1931ರಲ್ಲಿ ಸಾಕಿದ ಬೀವರ್‌ಗಳ ಜೊತೆ ಆರು ತಿಂಗಳು ಇಲ್ಲಿದ್ದ. ದಾರಿ ಉದ್ದ. ಮಕ್ಕಳೊಡನೆ ಬೇಡ.

ಮೇ, ಜೂನ್‌ನಲ್ಲಿ ಹುಲ್ಲಿನಲ್ಲಿ ನಡೆದರೆ ಉಣುಗು ಹತ್ತುವುದು ಖಾತ್ರಿ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರಿಗೆ ಇದರ ಭಯ ಹೇಳಿಕೊಡಬೇಕಿಲ್ಲ. ಮ್ಯಾನಿಟೋಬದ ಕಪ್ಪುಕಾಲಿನ ಜಾತಿ ತರುವುದು ಲೈಮ್ ರೋಗ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಿ, ತಿಳಿ ಬಣ್ಣದ ಬಟ್ಟೆ ಹಾಕಿ, ರಾತ್ರಿ ಮಂಡಿಯ ಹಿಂದೆ, ಕಂಕುಳು, ಕೂದಲ ಬುಡ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಬೇಕು. ತಿರುಚಿದರೆ ಬಾಯಿ ಒಳಗೇ ಉಳಿದೀತು.

ಮಿನೆಡೋಸ ಅಥವಾ ಡಾಫಿನ್ ಆರಿಸಿಕೊಂಡವರಿಗೆ ನಿಜವಾದ ಅಪಾಯ ಸಂಜೆ ವಾಪಸಾಗುವ ದಾರಿ. ಮುಸ್ಸಂಜೆಯಲ್ಲಿ ಮೂಸ್, ಎಲ್ಕ್ ಎಂಬ ಭಾರಿ ಜಿಂಕೆಗಳು ರಸ್ತೆ ದಾಟುತ್ತವೆ. ಮೂಸ್‌ನ ಕಾಲು ಉದ್ದ, ಮೈ ಕಪ್ಪು, ಕಣ್ಣು ಹೆಡ್‌ಲೈಟಿನ ಬೆಳಕಿಗಿಂತ ಮೇಲಿರುವುದರಿಂದ ಹೊಳೆಯುವುದೂ ಇಲ್ಲ. ಗುದ್ದಿದರೆ ದೇಹ ನೇರ ಗಾಜಿನ ಮೇಲೆ ಬೀಳುತ್ತದೆ. ಸೆಪ್ಟೆಂಬರ್‌ನಲ್ಲಿ ಎಲ್ಕ್ ಗಂಡುಗಳು ಕೂಗುವ ಕಾಲದಲ್ಲಿ ಅವಕ್ಕೆ ಮೈಮೇಲೆ ಎಚ್ಚರವೇ ಇರುವುದಿಲ್ಲ. ಆ ತಿಂಗಳಲ್ಲಿ ಆಸ್ಪೆನ್ ಮರಗಳು ಹಳದಿಯಾಗಿ, ಸೊಳ್ಳೆ ಸತ್ತು, ವಾಸಗಾಮಿಂಗ್‌ನ ಬಾಡಿಗೆ ಇಳಿದಿರುತ್ತದೆ. ಅಲ್ಲಿ ಎರಡು ರಾತ್ರಿ ಉಳಿಯುವ ಆಸೆ ಇದ್ದರೆ ಸೆಪ್ಟೆಂಬರ್ ಮಧ್ಯದ ವಾರವೇ ಸರಿ.

ಚಳಿಗಾಲದಲ್ಲಿ ಸ್ಕೀ ಮಾಡಲು ಬರುವವರು ಡಾಫಿನ್ ಅಥವಾ ಮಿನೆಡೋಸದಲ್ಲಿ ಮೋಟೆಲ್ ಹಿಡಿಯುವಾಗ ಪಾರ್ಕಿಂಗ್‌ನಲ್ಲಿ ಕರೆಂಟಿನ ಪ್ಲಗ್ ಇದೆಯೇ ಎಂದು ಕೇಳಿ. ಮೈನಸ್ 30ಕ್ಕೆ ಇಳಿದ ರಾತ್ರಿ, ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಕದ ಕಾರು ಬೆಳಿಗ್ಗೆ ಅಲುಗಾಡುವುದಿಲ್ಲ. ಹೀಟರ್‌ನ ವೈರು ಗಿಡ್ಡ, ಎಕ್ಸ್‌ಟೆನ್ಷನ್ ನೀವೇ ಒಯ್ಯಬೇಕು, ಅದೂ ಹೊರಾಂಗಣಕ್ಕೆಂದೇ ಮಾಡಿದ್ದು. ಮನೆಯೊಳಗಿನ ಪ್ಲಾಸ್ಟಿಕ್ ವೈರು ಆ ಚಳಿಗೆ ಕಡ್ಡಿಯಂತೆ ಮುರಿಯುತ್ತದೆ.