ಮೂರು ಗುಣಗಳಿಂದ ನಿರ್ಧಾರಕ: ಎಂಐಟಿಯ 18.06 ಕೋರ್ಸಿನ 18ನೇ ಉಪನ್ಯಾಸ

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಓಪನ್‌ಕೋರ್ಸ್‌ವೇರ್ ಜಾಲತಾಣ ಉಚಿತವಾಗಿ ಒದಗಿಸಿರುವ ರೇಖೀಯ ಬೀಜಗಣಿತದ 18.06 ಕೋರ್ಸಿನಲ್ಲಿ 18ರಿಂದ 20ರವರೆಗಿನ ಮೂರು ಉಪನ್ಯಾಸಗಳು ನಿರ್ಧಾರಕಗಳಿಗೆ, ಅಂದರೆ ಚೌಕಾಕಾರದ ಮಾತೃಕೆಯಿಂದ (ಸಂಖ್ಯೆಗಳ ಕೋಷ್ಟಕದಿಂದ) ಲೆಕ್ಕ ಹಾಕುವ ಒಂದೇ ಸಂಖ್ಯೆಗೆ, ಮೀಸಲಾಗಿವೆ. ಗಿಲ್ಬರ್ಟ್ ಸ್ಟ್ರಾಂಗ್ ಅವರ ಈ ಪಾಠಗಳಲ್ಲಿ ಮೊದಲನೆಯದನ್ನು, ದ್ವಿತೀಯ ಪಿಯುಸಿಯಲ್ಲಿ ಮಾತೃಕೆಗಳನ್ನು ಓದಿದ ಪ್ರತಿಯೊಬ್ಬರೂ ನೋಡಬೇಕೆಂದು ಮನಸಾರೆ ಹೇಳುತ್ತೇನೆ.

ನಾನು ಕಾಲೇಜಿನಲ್ಲಿ ಕಲಿತದ್ದು ಸೂತ್ರದಿಂದ. 3×3 ನಿರ್ಧಾರಕವನ್ನು ಮೊದಲ ಅಡ್ಡಸಾಲಿನಿಂದ ವಿಸ್ತರಿಸಿ ಪ್ಲಸ್, ಮೈನಸ್, ಪ್ಲಸ್ ಎಂದು ಚಿಹ್ನೆ ಹಾಕುತ್ತಿದ್ದೆವು; ಗುಣಗಳು ಆಮೇಲೆ, ಲೆಕ್ಕವನ್ನು ಬೇಗ ಮುಗಿಸುವ ಉಪಾಯಗಳಾಗಿ ಬಂದವು. ಸ್ಟ್ರಾಂಗ್ ದೊಡ್ಡ ಸೂತ್ರವನ್ನು ಮುಂದಿನ ತರಗತಿಗೆ ಬಿಟ್ಟು ಮೂರೇ ಗುಣಗಳಿಂದ ಆರಂಭಿಸುತ್ತಾರೆ: ಕರ್ಣದಲ್ಲಿ 1, ಉಳಿದೆಡೆ 0 ಇರುವ ಮಾತೃಕೆಯ ನಿರ್ಧಾರಕ 1, ಎರಡು ಅಡ್ಡಸಾಲುಗಳನ್ನು ಅದಲುಬದಲು ಮಾಡಿದರೆ ಚಿಹ್ನೆ ತಿರುಗುತ್ತದೆ, ಉಳಿದ ಸಾಲುಗಳು ಬದಲಾಗದಿದ್ದರೆ ನಿರ್ಧಾರಕವು ಒಂದೊಂದು ಸಾಲಿನಲ್ಲೂ ರೇಖೀಯವಾಗಿರುತ್ತದೆ, ಅಂದರೆ ಒಂದು ಸಾಲನ್ನು ಎಷ್ಟು ಪಟ್ಟು ಮಾಡಿದರೆ ನಿರ್ಧಾರಕವೂ ಅಷ್ಟೇ ಪಟ್ಟಾಗುತ್ತದೆ, ಸಾಲನ್ನು ಎರಡರ ಮೊತ್ತವಾಗಿ ಒಡೆದರೆ ನಿರ್ಧಾರಕವೂ ಹಾಗೆಯೇ ಒಡೆಯುತ್ತದೆ.

ಇವುಗಳಿಂದ ಮಿಕ್ಕ ಏಳು ಗುಣಗಳು ಹೊರಡುವ ಬಗೆಯೇ ಈ ಪಾಠದ ಸೊಗಸು. ಎರಡು ಸಾಲುಗಳು ಒಂದೇ ಆಗಿದ್ದರೆ ಅವನ್ನು ಅದಲುಬದಲು ಮಾಡಿದರೂ ಮಾತೃಕೆ ಬದಲಾಗುವುದಿಲ್ಲ, ಆದರೆ ಚಿಹ್ನೆ ತಿರುಗಲೇಬೇಕು. ತನ್ನ ಋಣಕ್ಕೆ ತಾನೇ ಸಮನಾದ ಸಂಖ್ಯೆ ಸೊನ್ನೆಯೊಂದೇ. ವರ್ಷಗಟ್ಟಲೆ ಬಾಯಿಪಾಠವಾಗಿದ್ದ ನಿಯಮಕ್ಕೆ ಇಷ್ಟು ಸರಳ ಕಾರಣವಿತ್ತೆಂದು ತಿಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಅಲ್ಲಿಂದ ಮುಂದೆ, ಒಂದು ಸಾಲನ್ನು ಯಾವುದೇ ಸಂಖ್ಯೆಯಿಂದ ಗುಣಿಸಿ ಇನ್ನೊಂದು ಸಾಲಿನಿಂದ ಕಳೆದರೂ ನಿರ್ಧಾರಕ ಬದಲಾಗದೆಂದು ಸಿದ್ಧವಾಗುತ್ತದೆ. ಹಾಗಾಗಿ ಮಾತೃಕೆಯನ್ನು ಕರ್ಣದ ಕೆಳಗೆಲ್ಲ ಸೊನ್ನೆಯಿರುವ ತ್ರಿಕೋನ ರೂಪಕ್ಕೆ ತಂದು ಕರ್ಣದ ಸಂಖ್ಯೆಗಳನ್ನು ಗುಣಿಸಿದರೆ ಸಾಕು. 10×10 ಮಾತೃಕೆಯನ್ನು ಸೂತ್ರದಿಂದ ಬಿಡಿಸಲು ಹೊರಟರೆ 36,28,800 ಪದಗಳು ಎದುರಾಗುತ್ತವೆ. ಈ ಹಾದಿಯಲ್ಲಿ ಮುನ್ನೂರ ಚಿಲ್ಲರೆ ಗುಣಾಕಾರ, ಭಾಗಾಕಾರಗಳಲ್ಲಿ ಕೆಲಸ ಮುಗಿಯುತ್ತದೆ.

3×3 ಮಾತೃಕೆಯನ್ನು 2ರಿಂದ ಗುಣಿಸಿದರೆ ಮೂರೂ ಸಾಲುಗಳು ಇಮ್ಮಡಿಯಾಗಿ ನಿರ್ಧಾರಕ ಎಂಟು ಪಟ್ಟಾಗುತ್ತದೆ, ಎರಡು ಪಟ್ಟಲ್ಲ. ಪೆಟ್ಟಿಗೆಯ ಪ್ರತಿ ಅಂಚೂ ಇಮ್ಮಡಿಯಾದಾಗ ಘನಫಲ ಎಂಟು ಪಟ್ಟಾಗುವುದೂ ಇದೇ ಕಾರಣಕ್ಕೆ. ಆದರೆ ಸಾಲುಗಳನ್ನು ಅಂಚುಗಳಾಗಿಸಿದ ಪೆಟ್ಟಿಗೆಯ ಘನಫಲವೇ, ಚಿಹ್ನೆಯೊಂದನ್ನು ಬಿಟ್ಟರೆ, ನಿರ್ಧಾರಕವೆಂಬ ಈ ಅರ್ಥ ಪೂರ್ತಿಯಾಗಿ ಬಿಚ್ಚಿಕೊಳ್ಳುವುದು 20ನೇ ಉಪನ್ಯಾಸದಲ್ಲಿ, ಮತ್ತು ನನ್ನ ಮಟ್ಟಿಗೆ ಅದು ತಡವಾಯಿತು. ಚಿಹ್ನೆ ಏಕೆ ತಿರುಗಬೇಕೆಂಬ ಪ್ರಶ್ನೆ ಹೊಸಬರನ್ನು ಅಲ್ಲಿಯವರೆಗೂ ಕಾಡಬಹುದು. ಚಿತ್ರವಿಲ್ಲದೆ ಮನಸ್ಸಿಗೆ ಹತ್ತದವರು ಆ ಭಾಗವನ್ನೇ ಮೊದಲು ನೋಡುವುದು ಒಳ್ಳೆಯದು.

ಕೊನೆಯ ಗುಣದ ಬಳಿ, ಅಂದರೆ ಅಡ್ಡಸಾಲುಗಳನ್ನೆಲ್ಲ ಕಂಬಸಾಲುಗಳಾಗಿ ಬರೆದರೂ ನಿರ್ಧಾರಕ ಬದಲಾಗದೆಂಬಲ್ಲಿ, ವಿಡಿಯೊ ನಿಲ್ಲಿಸಿ ಹಾಳೆಯ ಮೇಲೆ ಸಾಧಿಸಲು ಪ್ರಯತ್ನಿಸಿ. ಅದಕ್ಕೆ ಬೇಕಾದ ತ್ರಿಕೋನ ಮಾತೃಕೆಗಳು ಅಷ್ಟರಲ್ಲಿ ನಿಮ್ಮ ಕೈಯಲ್ಲೇ ಇರುತ್ತವೆ.